ಆಳೆತ್ತರದ ಗಡಿಯಾರ, ಹಳೆ ಕಿರ್ದಿ, ಮತ್ತು ತಲೆ ತಿನ್ನುವ ಸಂವತ್ಸರ

ಮಲೆನಾಡಿನ ಹಳೆ ಮನೆಗಳ ವಸ್ತು ಮತ್ತು ಕಾಗದಪತ್ರ ನೋಡಿ ಸ್ಥಳೀಯ ಇತಿಹಾಸ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಮರೆತುಹೋಗುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ.

ಚಾವಡಿಯಲ್ಲಿ ನಿಂತ ಆಳೆತ್ತರದ ಗಡಿಯಾರಕ್ಕೆ ಎರಡು ತಾರೀಕು ಹುಡುಕಬೇಕು. ಅದು ತಯಾರಾದದ್ದು ಯಾವಾಗ? ಆ ಮನೆಗೆ ಬಂದದ್ದು ಯಾವಾಗ? ಮೊದಲನೆಯದಕ್ಕೆ ಗಡಿಯಾರವನ್ನೇ ನೋಡಬೇಕು. ಎರಡನೆಯದಕ್ಕೆ ಅಟ್ಟದ ಮೇಲಿನ ಕಿರ್ದಿ (ದಿನದ ಲೆಕ್ಕದ ಪುಸ್ತಕ), ಖಾತೆ, ಜಾತಕಗಳನ್ನು ಇಳಿಸಬೇಕು. ಎರಡರ ನಡುವೆ ನೂರು ವರ್ಷದ ಅಂತರ ಇದ್ದರೂ ಆಶ್ಚರ್ಯ ಇಲ್ಲ. ಇಂಗ್ಲೆಂಡಿನಲ್ಲಿ ಈ ಜಾತಿಯ ಗಡಿಯಾರಗಳ ತಯಾರಿಕೆ 19ನೇ ಶತಮಾನದ ಉತ್ತರಾರ್ಧದಲ್ಲೇ ಕುಗ್ಗಿಹೋಗಿತ್ತು. ಹಾಗಾಗಿ 1900ರಲ್ಲಿ ಇಲ್ಲಿಗೆ ಬಂದ ಹಳೆ ಇಂಗ್ಲಿಷ್ ಗಡಿಯಾರ ಬಹುಶಃ ಆಗಲೇ ಒಂದೆರಡು ಕೈ ದಾಟಿರುತ್ತದೆ.

ಗಡಿಯಾರ ಹೇಳುವುದು

ಇದು ಸುಲಭದ ಭಾಗ. ಡಯಲು ಹಿತ್ತಾಳೆಯದಾದರೆ ಸಾಮಾನ್ಯವಾಗಿ ಹಳೆಯದು. ಬಿಳಿ ಬಣ್ಣ ಬಳಿದು ಹೂವು ಬಿಡಿಸಿದ ಕಬ್ಬಿಣದ ಡಯಲು ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದದ್ದು 1770ರ ದಶಕದಲ್ಲಿ. ಅಂಥ ಡಯಲು ಇದ್ದರೆ ಅದಕ್ಕಿಂತ ಹಿಂದೆ ಹೋಗಬೇಡಿ. ಗಂಟೆ ಹೊಡೆಯಲು ಉದ್ದುದ್ದ ಕೊಳವೆಗಳಿದ್ದರೆ 1880ರ ದಶಕದಿಂದ ಈಚೆಗೆ ಬನ್ನಿ. ಡಯಲಿನಲ್ಲಿ ಎರಡು ಕೀಲಿ ತೂತು ಇದ್ದರೆ ಸಾಮಾನ್ಯವಾಗಿ ವಾರಕ್ಕೊಮ್ಮೆ ಕೀಲಿ ಕೊಡುವಂಥದ್ದು. ಒಂದು ತೂತು ಗಡಿಯಾರ ಓಡುವುದಕ್ಕೆ, ಇನ್ನೊಂದು ಗಂಟೆ ಹೊಡೆಯುವುದಕ್ಕೆ. ತೂತೇ ಇಲ್ಲದೆ ಹಗ್ಗ ಅಥವಾ ಸರಪಳಿ ಎಳೆಯುವಂಥದ್ದಾದರೆ ದಿನಾ ಎಳೆಯಬೇಕು.

ಡಯಲಿನ ಮೇಲಿನ ಹೆಸರು ಎಷ್ಟೋ ಸಲ ಮಾರಿದವನದು. ಒಳಗಿನ ಚಕ್ರಗಳನ್ನು ಬೇರೆ ಯಾರೋ ಮಾಡಿರುತ್ತಾರೆ, ಪೆಟ್ಟಿಗೆಯನ್ನು ಮತ್ತೊಬ್ಬರು. ಮರವನ್ನು ನೋಡಲೇಬೇಕು. ಇಂಗ್ಲೆಂಡಿನ ಪೆಟ್ಟಿಗೆ ಹೆಚ್ಚಾಗಿ ಓಕ್, ಮಹಾಗನಿ ಅಥವಾ ಪೈನ್ ಮರದ್ದು. ಬೀಟೆಯದೋ ಸಾಗುವಾನಿಯದೋ ಆಗಿದ್ದರೆ ಪೆಟ್ಟಿಗೆ ನಮ್ಮ ಕಡೆಯ ಬಡಗಿಯ ಕೆಲಸ ಇರಬಹುದು. ಗೆದ್ದಲು ತಿಂದ ಬುಡವನ್ನು ಕತ್ತರಿಸಿ ಹೊಸ ಹಲಗೆ ಕೂರಿಸಿದ್ದಾರಾ ಅಂತಲೂ ಬಗ್ಗಿ ನೋಡಿ.

ಒಂದು ವಿಷಯ ನನಗೆ ತುಂಬಾ ಇಷ್ಟವಾಯಿತು. ಈ ಗಡಿಯಾರದ ಲೋಲಕ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಸರಿಯಾಗಿ ಒಂದು ಸೆಕೆಂಡು. ಅದಕ್ಕೆ ಲಂಡನ್ನಿನಲ್ಲಿ ಸುಮಾರು 99.4 ಸೆಂಟಿಮೀಟರ್ ಉದ್ದ ಬೇಕು. ಗಡಿಯಾರ ಆಳೆತ್ತರ ಇರುವುದೇ ಈ ಲೋಲಕಕ್ಕೂ ಕೆಳಗಿಳಿಯುವ ತೂಕದ ಗುಂಡುಗಳಿಗೂ ಜಾಗ ಬೇಕು ಅಂತ. ಶಿವಮೊಗ್ಗದಲ್ಲಿ ಭೂಮಿಯ ಸೆಳೆತ ಚೂರು ಕಡಿಮೆ, ಯಾಕೆಂದರೆ ನಾವು ಭೂಮಧ್ಯರೇಖೆಗೆ ಹತ್ತಿರ. ಇಲ್ಲಿ ಅದೇ ಒಂದು ಸೆಕೆಂಡಿಗೆ ಸುಮಾರು 99.1 ಸೆಂಟಿಮೀಟರ್ ಸಾಕು. ಲಂಡನ್ನಿನಲ್ಲಿ ಹೊಂದಿಸಿದ್ದನ್ನು ಹಾಗೇ ತಂದು ನಿಲ್ಲಿಸಿದರೆ ದಿನಕ್ಕೆ ಎರಡು ನಿಮಿಷಕ್ಕಿಂತ ಜಾಸ್ತಿ ಹಿಂದೆ ಬೀಳುತ್ತದೆ. 1672ರಲ್ಲಿ ಫ್ರಾನ್ಸಿನ ಜಾನ್ ರಿಶೆ ದಕ್ಷಿಣ ಅಮೆರಿಕದ ಕಯೆನ್‌ನಲ್ಲಿ ಕಂಡದ್ದು ಇದನ್ನೇ. ಲೋಲಕದ ಬುಡದ ತಿರುಪು ತಿರುಗಿಸಿ ಮೂರು ಮಿಲಿಮೀಟರ್ ಮೇಲಕ್ಕೆತ್ತಿದರೆ ಮುಗಿಯಿತು. ಗಡಿಯಾರ ಹಿಂದೆ ಬಿದ್ದರೆ ಸುಮ್ನೆ ಮಳೆಗಾಲದ ಥಂಡಿಯನ್ನು ಬೈಯುವ ಮೊದಲು ಆ ತಿರುಪು ನೋಡಿ.

ಕಿರ್ದಿ ಹೇಳುವುದು (ಇಲ್ಲೇ ಎಲ್ಲರೂ ಎಡವುವುದು)

ಅಭ್ಯಾಸಕ್ಕೆ ಒಂದು ಸಾಲು ಕಟ್ಟಿಕೊಂಡಿದ್ದೇನೆ: "ವಿಕಾರಿ ಸಂ|ರದ ಪುಷ್ಯ ಬ ೫ ಲು ಗಡಿಯಾರದ ಬಾಬ್ತು ಗಾಡಿ ಬಾಡಿಗೆ". ಇಸವಿ ಇಲ್ಲ. ಶಕ ವರ್ಷವೂ ಇಲ್ಲ. ಮನೆ ಲೆಕ್ಕ ಬರೆಯುವವರಿಗೆ ಅದರ ಅಗತ್ಯ ಇರಲಿಲ್ಲ. ಈಗ ನಡೆಯುತ್ತಿರುವ ಸಂವತ್ಸರ ಯಾವುದು ಅಂತ ಊರಿಗೆಲ್ಲ ಗೊತ್ತು.

"ಸಂ|ರದ" ಅಂದರೆ ಸಂವತ್ಸರದ. "ಬ" ಅಂದರೆ ಬಹುಳ, ಕೃಷ್ಣಪಕ್ಷ. "ಶು" ಅಂದರೆ ಶುದ್ಧ, ಶುಕ್ಲಪಕ್ಷ. "ಲು" ಅಂದರೆ ಆ ದಿನದಲ್ಲಿ. ಕೈಬರಹದಲ್ಲಿ ೬ ಮತ್ತು ೯ ಒಂದೇ ಥರ ಕಾಣುತ್ತವೆ, ಹುಷಾರು.

ಈಗ ಇಸವಿ. ಅರವತ್ತು ಸಂವತ್ಸರಗಳ ಪಟ್ಟಿಯಲ್ಲಿ ಪ್ರಭವ ಮೊದಲನೆಯದು. ಪ್ರಭವ ಬಂದದ್ದು 1867ರಲ್ಲಿ, ಮತ್ತೆ 1927ರಲ್ಲಿ, ಮತ್ತೆ 1987ರಲ್ಲಿ. ಹಾಗಾಗಿ ಪಟ್ಟಿಯ ಕ್ರಮಸಂಖ್ಯೆಗೆ 1866 ಸೇರಿಸಿದರೆ ಒಂದು ಸುತ್ತಿನ ಇಸವಿ ಸಿಗುತ್ತದೆ. ವಿಕಾರಿ 33ನೆಯದು. 1866ಕ್ಕೆ 33 ಕೂಡಿಸಿದರೆ 1899. ಹಿಂದಿನ ಸುತ್ತು ಬೇಕಿದ್ದರೆ 60 ಕಳೆಯಿರಿ: 1839. ಮುಂದಿನದಕ್ಕೆ 60 ಕೂಡಿಸಿ: 1959.

ಈ ಸೂತ್ರ ಸರಿಯಾ ಅಂತ ನೋಡಲು ಧಾತು ಸಂವತ್ಸರ ತೆಗೆದುಕೊಳ್ಳಿ. ಅದು 10ನೆಯದು, ಅಂದರೆ 1876. ಮುಂದಿನದು ಈಶ್ವರ, 1877. ಅಜ್ಜ ಅಜ್ಜಿಯರು ಹೇಳುತ್ತಿದ್ದ "ಧಾತು ಈಶ್ವರದ ಬರ" ಅಂದರೆ 1876-78ರ ಮಹಾಬರವೇ. ಲೆಕ್ಕ ತಾಳೆಯಾಯಿತು. ನನಗೆ 1866 ನೆನಪಿಗೆ ಕೂತದ್ದು ಈ ಬರದಿಂದಲೇ.

ಶಕ ವರ್ಷ ಕೊಟ್ಟಿದ್ದರೆ ಇನ್ನೂ ಸುಲಭ. ಶಕಕ್ಕೆ 12 ಸೇರಿಸಿ 60ರಿಂದ ಭಾಗಿಸಿ, ಉಳಿದದ್ದು ಸಂವತ್ಸರದ ಕ್ರಮಸಂಖ್ಯೆ. ಏನೂ ಉಳಿಯದಿದ್ದರೆ ಕೊನೆಯದಾದ ಅಕ್ಷಯ. ಶಕ 1821ಕ್ಕೆ 12 ಸೇರಿಸಿದರೆ 1833, ಉಳಿಯುವುದು 33, ವಿಕಾರಿ. ಶಕಕ್ಕೂ ಸಂವತ್ಸರಕ್ಕೂ ಒಂದು ವರ್ಷ ವ್ಯತ್ಯಾಸ ಕಂಡರೆ ಗಾಬರಿ ಬೇಡ. ಕೆಲವರು ಕಳೆದ ಶಕವನ್ನು ಬರೆಯುತ್ತಾರೆ, ಕೆಲವರು ನಡೆಯುವ ಶಕವನ್ನು. ನಾನು ಸಂವತ್ಸರವನ್ನೇ ನಂಬುತ್ತೇನೆ.

ಈಗ ಮುಖ್ಯ ಗಂಟು. ಸಂವತ್ಸರ ಬದಲಾಗುವುದು ಯುಗಾದಿಗೆ, ಇಸವಿ ಬದಲಾಗುವುದು ಜನವರಿ 1ಕ್ಕೆ. ಹಾಗಾಗಿ ವಿಕಾರಿ ಅಂದಕೂಡಲೇ 1899 ಅಂತ ಬರೆದುಬಿಡುವ ಹಾಗಿಲ್ಲ. ಚೈತ್ರದಿಂದ ಕಾರ್ತಿಕದವರೆಗೆ ಯೋಚನೆಯೇ ಬೇಡ, 1899. ಮಾಘ, ಫಾಲ್ಗುಣ ಬಂದರೆ 1900. ಮಾರ್ಗಶಿರ, ಪುಷ್ಯ ಎರಡು ಮಾತ್ರ ಕಾಟ ಕೊಡುವ ತಿಂಗಳು. ಅವು ಡಿಸೆಂಬರ್ ಜನವರಿಯ ಗಡಿಯಲ್ಲಿ ಆ ಕಡೆ ಈ ಕಡೆ ಆಗುತ್ತಿರುತ್ತವೆ. ಆ ಎರಡಕ್ಕೆ ಪಂಚಾಂಗವನ್ನೋ ಅಮಾವಾಸ್ಯೆಗಳ ಪಟ್ಟಿಯನ್ನೋ ನೋಡಲೇಬೇಕು. 1900ರ ಜನವರಿ 1 ಅಮಾವಾಸ್ಯೆ. ಮರುದಿನದಿಂದ ಪುಷ್ಯ ಶುದ್ಧ, ತಿಂಗಳ ಮಧ್ಯದಲ್ಲಿ ಹುಣ್ಣಿಮೆ. ಹಾಗಾದರೆ ಪುಷ್ಯ ಬಹುಳ ಪಂಚಮಿ ಅಂದರೆ 1900ರ ಜನವರಿ 20ರ ಆಸುಪಾಸು. ಆ ದಿನ ಶನಿವಾರ. ಸಾಲಿನಲ್ಲಿ "ಸ್ಥಿರವಾರ" ಅಂತ ಇದ್ದಿದ್ದರೆ ಅದೇ ಶನಿವಾರ, ಪೂರ್ತಿ ಖಾತ್ರಿ. ಭೌಮವಾರ ಮಂಗಳವಾರ, ಸೌಮ್ಯವಾರ ಬುಧವಾರ, ಭೃಗುವಾರ ಶುಕ್ರವಾರ. ಇವನ್ನು ಬಾಯಿಪಾಠ ಮಾಡಿಕೊಳ್ಳಿ.

ಮಂಡಿ ವ್ಯಾಪಾರದವರ ಪುಸ್ತಕ ದೀಪಾವಳಿಗೆ ಶುರುವಾಗುವುದುಂಟು. ಪುಸ್ತಕ ಹೊಸದು, ಸಂವತ್ಸರ ಹಳೆಯದೇ. ಮೊದಲ ಪುಟದಲ್ಲಿ ಇರುವ ಹೆಸರು ಮಧ್ಯದಲ್ಲಿ ಯುಗಾದಿಗೆ ಬದಲಾಗಿರುತ್ತದೆ. ರಟ್ಟಿನ ಮೇಲಿನ ಹೆಸರನ್ನು ಎಲ್ಲ ಪುಟಕ್ಕೂ ಹಚ್ಚಬೇಡಿ.

ಮೂರು ಸುತ್ತಿನಲ್ಲಿ ಯಾವುದು ಅಂತ ಹೇಗೆ ತಿಳಿಯುವುದು? ಅಕ್ಕಪಕ್ಕದ ಸಾಲುಗಳಿಂದ. ರೈಲಿನ ಸುದ್ದಿ ಇದ್ದರೆ 1839 ಬಿಟ್ಟುಹೋಯಿತು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದೇ 1899ರಲ್ಲಿ. ನಯಾಪೈಸೆ ಕಂಡರೆ 1957ರ ಏಪ್ರಿಲ್‌ನಿಂದ ಈಚೆಗೆ. ಬರೆದದ್ದು ಕಡತದ ಮೇಲಾದರೆ, ಅಂದರೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದ ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಾದರೆ, ಹಳೆ ಸುತ್ತಿನ ಸಾಧ್ಯತೆ ಜಾಸ್ತಿ. ಕಡತ ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕಿದ್ದರೆ ಸಾಗರದ ಪಕ್ಕದ ಕೆಳದಿ ವಸ್ತುಸಂಗ್ರಹಾಲಯಕ್ಕೆ ಹೋಗಿ.

ಇನ್ನೊಂದು ಕಾಟ, ಅವಳಿ ಹೆಸರುಗಳು. ಅರ್ಧ ಅಕ್ಷರ ಹುಳ ತಿಂದರೆ ವರ್ಷವೇ ಬದಲಾಗುತ್ತದೆ. ಇಪ್ಪತ್ತನೇ ಶತಮಾನದ ಹೊಸ್ತಿಲಿನ ಸುತ್ತಿನಲ್ಲಿ ವಿಕೃತಿ 1890, ವಿಕಾರಿ 1899. ವಿರೋಧಿ 1889, ವಿರೋಧಿಕೃತ್ 1911. ಪ್ರಮಾಥಿ 1879, ಪ್ರಮಾದಿ 1913. ಪ್ಲವ 1901, ಪ್ಲವಂಗ 1907. ಕ್ರೋಧಿ 1904, ಕ್ರೋಧನ 1925. "ವಿ" ಅಂತ ಮಾತ್ರ ಉಳಿದಿದ್ದರೆ ಊಹೆ ಮಾಡಬೇಡಿ, ಹಿಂದಿನ ಪುಟ ತಿರುವಿ.

ಜಾತಕದ ಗಂಟೆ ಯಾವ ಗಂಟೆ?

ಕಿರ್ದಿಯಲ್ಲಿ ಗಡಿಯಾರದ ಸುದ್ದಿಯೇ ಇಲ್ಲದಿದ್ದರೆ ಮನೆಯ ಜಾತಕಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ. ಹಳೆಯವುಗಳಲ್ಲಿ ಸೂರ್ಯೋದಯದಿಂದ ಇಷ್ಟು ಗಳಿಗೆ ಅಂತ ಇರುತ್ತದೆ. ಎಲ್ಲೋ ಒಂದು ಕಡೆ ಗಂಟೆ ನಿಮಿಷ ಶುರುವಾಗುತ್ತದೆ. ಆ ಹೊತ್ತಿಗೆ ಮನೆಯಲ್ಲೋ ಪಕ್ಕದಲ್ಲೋ ಗಡಿಯಾರ ಬಂದಿತ್ತು ಅನ್ನುವುದಕ್ಕೆ ಇದು ಸುಳಿವು, ಸಾಕ್ಷಿ ಅಲ್ಲ.

ಒಂದು ಗಳಿಗೆ 24 ನಿಮಿಷ, ಎರಡೂವರೆ ಗಳಿಗೆ ಒಂದು ಗಂಟೆ. ಉದಯ 6.30ಕ್ಕೆ ಅಂತ ಇಟ್ಟುಕೊಂಡರೆ ಹನ್ನೆರಡೂವರೆ ಗಳಿಗೆ ಅಂದರೆ 11.30. ಆದರೆ ಇದು ಶಿವಮೊಗ್ಗದ ಸೂರ್ಯನ ಲೆಕ್ಕ. ಭಾರತದ ಈಗಿನ ಸಮಯ 82.5 ಡಿಗ್ರಿ ರೇಖಾಂಶದ್ದು, ಶಿವಮೊಗ್ಗ ಇರುವುದು 75.6ರ ಹತ್ತಿರ. ಡಿಗ್ರಿಗೆ 4 ನಿಮಿಷದಂತೆ ಸುಮಾರು 28 ನಿಮಿಷ ವ್ಯತ್ಯಾಸ. ಆ 11.30 ಈಗಿನ ಗಡಿಯಾರದಲ್ಲಿ 11.58. ಭಾರತೀಯ ಸಮಯ ಜಾರಿಗೆ ಬಂದದ್ದು 1906ರ ಜನವರಿ 1ರಿಂದ. ಅದಕ್ಕೆ ಮುಂಚೆ ರೈಲಿನವರದು ಮದ್ರಾಸ್ ಸಮಯ, ಅದು ನಮ್ಮ ಊರಿನ ಸಮಯಕ್ಕಿಂತ ಸುಮಾರು 19 ನಿಮಿಷ ಮುಂದೆ. 1900ರ ಜಾತಕದಲ್ಲಿ "11 ಗಂಟೆ" ಅಂತ ಇದ್ದರೆ, ಮನೆಯವರು ಗಡಿಯಾರವನ್ನು ಸೂರ್ಯನಿಗೆ ಹೊಂದಿಸಿದ್ದರೋ ಸ್ಟೇಷನ್ನಿಗೆ ಹೊಂದಿಸಿದ್ದರೋ ಅಂತ ಕೇಳಿಕೊಳ್ಳಿ. ಉದಯದ ಗಳಿಗೆಯನ್ನೂ ಪಕ್ಕದಲ್ಲಿ ಬರೆದಿದ್ದರೆ ಪುಣ್ಯ, ಎರಡನ್ನೂ ತಾಳೆ ಹಾಕಿದರೆ ಉತ್ತರ ಸಿಗುತ್ತದೆ.

ಅಭ್ಯಾಸಕ್ಕೆ

ಬಿ. ಎಲ್. ರೈಸ್ ಅವರ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟ ಶಿವಮೊಗ್ಗ ಜಿಲ್ಲೆಯವು. ಎಷ್ಟೋ ಶಾಸನಗಳಲ್ಲಿ ಶಕ, ಸಂವತ್ಸರ, ತಿಥಿ, ವಾರ ನಾಲ್ಕೂ ಸಿಗುತ್ತವೆ. ಕೈ ಪಳಗಲು ಇದಕ್ಕಿಂತ ಒಳ್ಳೆಯ ಪುಸ್ತಕ ಬೇಡ. ಮೊದಲು ಇದನ್ನು ಬಿಡಿಸಿ: ಪ್ಲವಂಗ ಸಂವತ್ಸರದ ಫಾಲ್ಗುಣ ಶುದ್ಧ, ರೈಲಿನ ಬಾಡಿಗೆ ಆಣೆಯಲ್ಲಿದೆ. 1907 ಅಂತ ಬರೆದಿದ್ದರೆ ಯುಗಾದಿಯನ್ನು ಮರೆತಿದ್ದೀರಿ, ಉತ್ತರ 1908ರ ಮಾರ್ಚ್.