ಲಿಲಾವಿನ ಚಿತ್ರದಲ್ಲಿ ಎಲ್ಲರ ಕೈಯೂ ಮೇಲೆ ಯಾಕೆ?

ಪ್ರಶ್ನೆ: ಹಳೆ ಗೋವಾದ ಬಜಾರಿನ ಚಿತ್ರದಲ್ಲಿ ಜನ ಕೈ ಚಾಚಿಕೊಂಡು, ಬೆರಳು ತೋರಿಸಿಕೊಂಡು ನಿಂತಿದ್ದಾರೆ. ಆಗ ನಿಜವಾಗಿ ಹೀಗೇ ಚೌಕಾಸಿ ಮಾಡುತ್ತಿದ್ದರಾ?
(ವಾಸ್ಕೋದ ಓದುಗರೊಬ್ಬರು)

ನೀವು ನೋಡಿದ್ದು ಲಿನ್ಸ್‌ಹೋಟನ್ ಪುಸ್ತಕದ ಚಿತ್ರ ಇರಬೇಕು. ಈ ಡಚ್ ಮನುಷ್ಯ 1583ರಲ್ಲಿ ಗೋವಾಕ್ಕೆ ಬಂದು ಸುಮಾರು ಐದು ವರ್ಷ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದ. ಊರಿಗೆ ಮರಳಿ 1596ರಲ್ಲಿ ಪುಸ್ತಕ ಹೊರತಂದ. ರುವಾ ದಿರೈತಾ ಬೀದಿಯಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ, ಬಿಸಿಲೇರುವ ಮೊದಲು ನಡೆಯುತ್ತಿದ್ದ ಹರಾಜು ಅದು. ಪೋರ್ಚುಗೀಸರ ಬಾಯಲ್ಲಿ ಲೈಲಾಂವ್. ನಮ್ಮ ಬೆಳಗಾವಿ ಕಡೆ ಇವತ್ತಿಗೂ ಲಿಲಾವು ಅಂತಾರಲ್ಲ, ಅದೇ. ಹರಾಜು ಕೂಗುವವರು ಮಾರಬೇಕಾದ ಚಿನ್ನದ ಸರ, ಮುತ್ತು, ಉಂಗುರಗಳನ್ನು ಮೈಮೇಲೇ ಹೇರಿಕೊಂಡು ತಿರುಗುತ್ತಿದ್ದರಂತೆ. ಕುದುರೆ ಮಾರುತ್ತಿದ್ದರು, ಮನುಷ್ಯರನ್ನೂ ಮಾರುತ್ತಿದ್ದರು. ಅದನ್ನು ಸುಮ್ನೆ ಸಂತೆಯ ಚಿತ್ರ ಅಂತ ನೋಡಲು ನನಗಂತೂ ಆಗುವುದಿಲ್ಲ.

ಇನ್ನು ಕೈಗಳು. ಕೂಗಿ ಮಾರುವ ಕಡೆ ಕೈ ಮೇಲೇಳುತ್ತದೆ, ಸರಿ. ಆದರೆ ಈ ಚಿತ್ರವನ್ನು ತಾಮ್ರದ ತಗಡಿನ ಮೇಲೆ ಕೊರೆದವರು ನೆದರ್ಲೆಂಡ್ಸ್‌ನ ಕೆತ್ತನೆಗಾರರು. ಇವನು ಮಾತಾಡುತ್ತಿದ್ದಾನೆ ಅಂತ ತೋರಿಸಬೇಕಾದರೆ ಯುರೋಪಿನ ಚಿತ್ರಗಾರರು ಅವನ ಅಂಗೈ ಚಾಚಿಸುತ್ತಿದ್ದರು. ಹಾಗಾಗಿ ಒಂದೊಂದು ಬೆರಳಿಗೂ ಒಂದೊಂದು ರೇಟು ಅಂತ ಲೆಕ್ಕ ಹಾಕಲು ಹೋಗಬೇಡಿ. ಮಾಪ್ಸಾದ ಶುಕ್ರವಾರದ ಸಂತೆಯಲ್ಲೇ ನೋಡಿ. ಚೌಕಾಸಿ ಮಾಡುವವರ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಬದನೆಕಾಯಿ ಒತ್ತಿ ನೋಡುತ್ತಿರುತ್ತದೆ ಅಲ್ವಾ?

ದೊಡ್ಡ ವ್ಯಾಪಾರದಲ್ಲಿ ಕೈ ಕಾಣುತ್ತಲೇ ಇರಲಿಲ್ಲ. ತವೆರ್ನಿಯೆ ಎಂಬ ಫ್ರೆಂಚ್ ರತ್ನದ ವ್ಯಾಪಾರಿ 17ನೇ ಶತಮಾನದಲ್ಲಿ ದಖ್ಖನ್ನಿನ ವಜ್ರದ ಗಣಿಗಳಿಗೆ ಬಂದಿದ್ದ. ಕಂಡದ್ದನ್ನು ಬಿಡಿಸಿ ಬರೆದಿದ್ದಾನೆ. ಇಬ್ಬರೂ ಎದುರುಬದುರು ಕೂರುತ್ತಾರೆ. ಮಾರುವವನು ನಡುಕಟ್ಟಿನ ಬಟ್ಟೆಯಡಿ ಕೊಳ್ಳುವವನ ಕೈ ಹಿಡಿಯುತ್ತಾನೆ. ಇಡೀ ಕೈ ಹಿಡಿದರೆ 1000. ಎಷ್ಟು ಸಲ ಅದುಮಿದನೋ ಅಷ್ಟು ಸಾವಿರ. ಐದೂ ಬೆರಳು ಹಿಡಿದರೆ 500, ಒಂದೇ ಬೆರಳಾದರೆ 100. ಬೆರಳಿನ ನಡುಗೆಣ್ಣಿನವರೆಗೆ ಹಿಡಿದರೆ 50, ತುದಿ ಮಾತ್ರ ಮುಟ್ಟಿದರೆ 10. ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಪಕ್ಕದಲ್ಲಿ ಕೂತವನಿಗೂ ರೇಟು ಗೊತ್ತಾಗುವುದಿಲ್ಲ. ಚಿತ್ರಗಾರ ಎದುರಿಗೇ ನಿಂತಿದ್ದರೂ ಅವನಿಗೆ ಸಿಗುತ್ತಿದ್ದದ್ದು ಒಂದು ತುಂಡು ಬಟ್ಟೆ, ಎರಡು ಬಿಗಿದ ಮುಖ.

ನಮಗೇನು ಇದು ಹೊಸದಲ್ಲ. ದನದ ಜಾತ್ರೆಯಲ್ಲಿ ದಲ್ಲಾಳಿ ಟವೆಲ್ ಮುಚ್ಚಿ ಬೆರಳು ಹಿಡಿಯುವುದನ್ನು ನೀವೂ ಊರಲ್ಲಿ ನೋಡಿರುತ್ತೀರಿ. ಚಿಕ್ಕವನಿದ್ದಾಗ ಆ ಟವೆಲ್ ಕೆಳಗೆ ಇಣುಕಲು ಹೋಗಿ ಅಜ್ಜನಿಂದ ಚೆನ್ನಾಗಿ ಬೈಸಿಕೊಂಡಿದ್ದೆ. ಎತ್ತು ಎಷ್ಟಕ್ಕೆ ಹೋಯಿತು ಅಂತ ಮನೆಗೆ ಬಂದ ಮೇಲೂ ಅಜ್ಜ ಹೇಳಲಿಲ್ಲ.