ಟರಾಂಟುಲಾ ಮರಿ: ಎಲ್ಲಾ ಆಟ ಒಳಗಿನ ನೀರಿನದು

ಟರಾಂಟುಲಾ ಅಂದ ತಕ್ಷಣ ಅಂಗೈ ತುಂಬುವಷ್ಟು ದೊಡ್ಡ, ಮೈತುಂಬ ಕೂದಲಿರುವ ಜೇಡ ಕಣ್ಣ ಮುಂದೆ ಬರುತ್ತದೆ ಅಲ್ವಾ? ಆದರೆ ಸಾಕುವವರಲ್ಲಿ ಎಷ್ಟೋ ಜನ ಶುರು ಮಾಡುವುದು ಅದರಿಂದಲ್ಲ. ಅವರ ಕೈಗೆ ಬರುವುದು ಕಾಲು ಪೂರ್ತಿ ಚಾಚಿದರೂ ಒಂದು ಸೆಂಟಿಮೀಟರ್ ಆಸುಪಾಸಿನ, ಮಾಸಲು ಬಣ್ಣದ, ಡಬ್ಬಿಯಲ್ಲಿ ಎಲ್ಲಿ ಅಡಗಿದೆ ಅಂತ ಬೆಳಕು ಹಿಡಿದು ಹುಡುಕಬೇಕಾದ ಮರಿ. ಈ ಹವ್ಯಾಸದವರು ಇದನ್ನು ಸ್ಲಿಂಗ್ ಅನ್ನುತ್ತಾರೆ. ಇಷ್ಟು ಚಿಕ್ಕದನ್ನು ಬದುಕಿಸುವುದು ನಮ್ಮಿಂದ ಆಗದ ಕೆಲಸ ಅಂತ ಕೆಲವರು ಹೆದರುತ್ತಾರೆ. ಇನ್ನು ಕೆಲವರು ದೀಪ, ಹೀಟರ್, ತೇವಾಂಶ ಅಳೆಯುವ ಮೀಟರ್ ಅಂತ ಒಂದಷ್ಟು ಸಾಮಾನು ತಂದು ಗುಡ್ಡೆ ಹಾಕುತ್ತಾರೆ. ನನ್ನನ್ನು ಕೇಳಿದರೆ ಎರಡೂ ಬೇಡ. ಈ ಪ್ರಾಣಿಯ ಕಾಲು ಹೇಗೆ ಕೆಲಸ ಮಾಡುತ್ತದೆ ಅನ್ನುವುದೊಂದು ತಲೆಗೆ ಹೋದರೆ ಉಳಿದದ್ದು ಮುಕ್ಕಾಲು ಪಾಲು ತಾನಾಗಿ ಅರ್ಥವಾಗುತ್ತದೆ.

ನಮ್ಮ ಮೊಣಕಾಲನ್ನು ಮಡಚಲು ಬೇರೆ ಸ್ನಾಯು, ಚಾಚಲು ಬೇರೆ ಸ್ನಾಯು. ಜೇಡದ ಕಾಲಿನ ಎರಡು ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯು ಮಾತ್ರ ಇದೆ, ಚಾಚುವುದು ಇಲ್ಲವೇ ಇಲ್ಲ. ಹಾಗಿದ್ದರೆ ಕಾಲು ನೆಟ್ಟಗಾಗುವುದು ಹೇಗೆ? ಮೈಯ ಮುಂಭಾಗದ ಸ್ನಾಯುಗಳು ಬಿಗಿಯಾಗಿ ಒಳಗಿನ ದ್ರವವನ್ನು ಕಾಲುಗಳಿಗೆ ನೂಕುತ್ತವೆ, ಆ ಒತ್ತಡಕ್ಕೆ ಕಾಲು ಚಾಚಿಕೊಳ್ಳುತ್ತದೆ. ಜೆಸಿಬಿಯ ತೋಳು ಎಣ್ಣೆಯ ಒತ್ತಡದಿಂದ ಮುಂದಕ್ಕೆ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ಏರ್ಪಾಡು. ಎಣ್ಣೆಯ ಜಾಗದಲ್ಲಿ ಇಲ್ಲಿರುವುದು ಹೀಮೋಲಿಂಫ್, ಅಂದರೆ ಜೇಡದ ರಕ್ತ. ಅದರಲ್ಲಿ ಆಮ್ಲಜನಕ ಹೊರುವ ವಸ್ತುವಿನಲ್ಲಿ ಕಬ್ಬಿಣದ ಬದಲು ತಾಮ್ರ ಇದೆ, ಹಾಗಾಗಿ ಅದು ಕೆಂಪಗಿರುವುದಿಲ್ಲ, ತಿಳಿ ನೀಲಿ.

ಈಗ ಗೋಡೆಯ ಮೂಲೆಯಲ್ಲಿ ಸತ್ತು ಬಿದ್ದ ಯಾವುದಾದರೂ ಜೇಡವನ್ನು ನೆನಪಿಸಿಕೊಳ್ಳಿ. ಎಂಟೂ ಕಾಲು ಮೈಯ ಕೆಳಗೆ ಮುದುಡಿರುತ್ತವೆ. ಒತ್ತಡ ಹೋಗಿದೆ, ಮಡಚುವ ಕಡೆಯ ಎಳೆತ ಮಾತ್ರ ಉಳಿದಿದೆ. ಬದುಕಿರುವ ಮರಿಯೂ ಕಾಲುಗಳನ್ನು ಹೀಗೇ ಒಳಕ್ಕೆ ಎಳೆದುಕೊಂಡು, ನಡೆಯುವಾಗ ತಡವರಿಸುತ್ತಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ನೀರಿನ ಕೊರತೆಯನ್ನು. ಬಾಯಿಯ ಹತ್ತಿರ ಒಂದು ಹನಿ ನೀರು ಸಿಕ್ಕರೆ ಕೆಲವೊಮ್ಮೆ ಚೇತರಿಸಿಕೊಳ್ಳುತ್ತದೆ.

ದೊಡ್ಡ ಜೇಡಕ್ಕಿಂತ ಮರಿಗೆ ಈ ಅಪಾಯ ತುಂಬಾ ಜಾಸ್ತಿ. ಮೈ ಚಿಕ್ಕದಾದಷ್ಟೂ ಒಳಗಿನ ನೀರಿಗೆ ಹೋಲಿಸಿದರೆ ಹೊರಗಿನ ಚರ್ಮದ ವಿಸ್ತಾರ ಹೆಚ್ಚು, ಹಾಗಾಗಿ ಬೇಗ ಒಣಗುತ್ತದೆ. ಮರಿಯ ಹೊರಕವಚವೂ ತೆಳು. ಟರಾಂಟುಲಾಗಳಿಗೆ ಹೊಟ್ಟೆಯ ತಳದಲ್ಲಿ ಎರಡು ಜೊತೆ ಉಸಿರಾಟದ ಪುಸ್ತಕ-ಶ್ವಾಸಕೋಶಗಳಿವೆ. ಪುಟಗಳ ಥರ ಪದರ ಪದರವಾಗಿರುವ ಅವುಗಳ ಮೂಲಕವೂ ತೇವ ಹೊರಗೆ ಹೋಗುತ್ತಲೇ ಇರುತ್ತದೆ. ಈ ಕಾರಣಕ್ಕೇ "ಇದು ಒಣ ಪ್ರದೇಶದ ಜಾತಿ, ನೀರು ಬೇಡ" ಅನ್ನುವ ಸಲಹೆ ಮರಿಗಳ ವಿಷಯದಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಣ ನೆಲದ ದೊಡ್ಡ ಜೇಡ ಒಂದು ಬಟ್ಟಲು ನೀರಿಟ್ಟರೆ ಆರಾಮಾಗಿ ಇರಬಹುದು, ಆದರೆ ಅದೇ ಜಾತಿಯ ಮರಿ ಕಾಡಿನಲ್ಲೂ ಬಿಸಿಲಲ್ಲಿ ಓಡಾಡಿಕೊಂಡಿರುವುದಿಲ್ಲ, ಮಣ್ಣಿನೊಳಗೆ ತಂಪು ಇರುವ ಕಡೆ ಸೇರಿಕೊಂಡಿರುತ್ತದೆ.

ಮನೆಯಲ್ಲಿ ಇದಕ್ಕೆ ದೊಡ್ಡ ವ್ಯವಸ್ಥೆ ಏನೂ ಬೇಕಿಲ್ಲ. ಮುಚ್ಚಳ ಗಟ್ಟಿ ಕೂರುವ ಒಂದು ಪುಟ್ಟ ಪಾರದರ್ಶಕ ಡಬ್ಬಿ. ಅದರಲ್ಲಿ ಮಣ್ಣಿನ ಬದಲು ಅರ್ಧಕ್ಕಿಂತ ಜಾಸ್ತಿ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಒಂದು ಬದಿ ಮಾತ್ರ ಸ್ವಲ್ಪ ಒದ್ದೆ, ಇನ್ನೊಂದು ಬದಿ ಒಣ, ಎಲ್ಲಿರಬೇಕು ಅಂತ ಅದೇ ತೀರ್ಮಾನಿಸಲಿ. ಸಿರಿಂಜಿನಿಂದ ಗೋಡೆಯ ಪಕ್ಕದಲ್ಲಿ ನೀರು ಇಳಿಸಿದರೆ ಮೇಲ್ಪದರ ಕೆಸರಾಗದೆ ತಳದಲ್ಲಿ ತೇವ ನಿಲ್ಲುತ್ತದೆ. ಜಾಗ ಇದ್ದರೆ ಒಂದು ಬಾಟಲಿ ಮುಚ್ಚಳದಲ್ಲಿ ನೀರಿಡಿ. ಅದರಲ್ಲಿ ಸ್ಪಂಜು ಹಾಕುವ ಹಳೆಯ ಪದ್ಧತಿ ಇದೆ, ಅದು ಬರೀ ಕೊಳಕು ಸೇರುವ ಜಾಗ, ಬೇಡ. ಬಿಸಿ ದೀಪವಂತೂ ಬೇಡವೇ ಬೇಡ. ಇಷ್ಟು ಚಿಕ್ಕ ಡಬ್ಬಿಯ ಮೇಲೆ ದೀಪ ಇಟ್ಟರೆ ಕೆಲವೇ ಗಂಟೆಗಳಲ್ಲಿ ಅದು ಒಣಗಿಹೋಗಬಹುದು. ನಮಗೆ ಹಿತವಾದ ಕೋಣೆಯ ಬಿಸಿ ಸಾಮಾನ್ಯವಾಗಿ ಅದಕ್ಕೂ ಸಾಕು. ಇನ್ನು ಗಾಳಿಯ ತೂತುಗಳು: ಇರಲೇಬೇಕು, ಆದರೆ ಮರಿಯ ಮುಂಭಾಗದ ಗಟ್ಟಿ ಚಿಪ್ಪಿಗಿಂತ ಚಿಕ್ಕದಾಗಿರಬೇಕು. ಹೊಟ್ಟೆ ಮೆತ್ತಗಿರುತ್ತದೆ, ಹೇಗೋ ನುಸುಳುತ್ತದೆ. ಚಿಪ್ಪು ಮಾತ್ರ ನುಸುಳುವುದಿಲ್ಲ, ಅದು ತೂರುವ ತೂತಿನಲ್ಲಿ ಇಡೀ ಜೇಡ ತೂರುತ್ತದೆ.

ಡಬ್ಬಿಯ ಎತ್ತರದ ಲೆಕ್ಕವೂ ಇದೇ ದ್ರವಕ್ಕೆ ಸಂಬಂಧಿಸಿದ್ದು. ಹೊಟ್ಟೆ ಅಂದರೆ ತೆಳು ಚರ್ಮದ ಒಳಗೆ ತುಂಬಿಟ್ಟ ದ್ರವ. ಮೇಲಿಂದ ಬಿದ್ದು ಅದು ಒಡೆದರೆ ರಕ್ತ ಮಾತ್ರ ಅಲ್ಲ, ಕಾಲು ಚಾಚುವ ಶಕ್ತಿಯೂ ಸೋರಿಹೋಗುತ್ತದೆ. ಮರಿ ಹಗುರ, ಬಿದ್ದರೂ ಅಷ್ಟು ಪೆಟ್ಟಾಗುವುದಿಲ್ಲ. ಬೆಳೆದು ಭಾರವಾದ ಮೇಲೆ ಅಪಾಯ ನಿಜ. ಹಾಗಾಗಿ ನೆಲದಲ್ಲಿ ವಾಸಿಸುವ ಜಾತಿಗಳಿಗೆ ಮಣ್ಣಿನಿಂದ ಮುಚ್ಚಳದವರೆಗಿನ ಖಾಲಿ ಜಾಗ ಅದು ಕಾಲು ಚಾಚಿದಾಗಿನ ಅಗಲದ ಒಂದೂವರೆ ಪಟ್ಟು ಮೀರದಂತೆ ನೋಡಿಕೊಳ್ಳುತ್ತಾರೆ. ಮರವಾಸಿ ಜಾತಿಗಳದ್ದು ಬೇರೆ ಲೆಕ್ಕ, ಅವಕ್ಕೆ ಎತ್ತರ ಬೇಕು, ಹತ್ತಲು ಒಂದು ತೊಗಟೆ ತುಂಡು ಬೇಕು, ಗಾಳಿಯಾಟ ಇನ್ನೂ ಜಾಸ್ತಿ ಬೇಕು.

ಊಟದ ವಿಷಯಕ್ಕೆ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಮರಿಯ ಹೊಟ್ಟೆಗಿಂತ ಚಿಕ್ಕದಾದ ಹುಳು, ವಾರಕ್ಕೆ ಒಂದೆರಡು ಸಲ, ಅಷ್ಟೇ. ಹಾರಲಾರದ ಹಣ್ಣಿನ ನೊಣ ಆಗಬಹುದು, ಆಗತಾನೆ ಹುಟ್ಟಿದ ಕ್ರಿಕೆಟ್ ಹುಳು ಆಗಬಹುದು. ಇವೆರಡೂ ಸಿಗದಿದ್ದರೆ ಮೀಲ್‌ವರ್ಮ್ ಹುಳುವಿನ ಒಂದು ಚೂರು ಕತ್ತರಿಸಿ ಬಿಲದ ಬಾಯಲ್ಲಿ ಇಟ್ಟರೂ ಮರಿ ತಿನ್ನುತ್ತದೆ. ಬೇಟೆಗಾರ ಅಂತ ಹೆಸರಿದ್ದರೂ ಸತ್ತದ್ದನ್ನು ತಿನ್ನಲು ಇದಕ್ಕೇನೂ ಮುಜುಗರ ಇಲ್ಲ. ಅಗಿಯುವುದಕ್ಕಿಂತ ಕುಡಿಯುವುದೇ ಹೆಚ್ಚು ಅನ್ನಬೇಕು: ಜೀರ್ಣರಸವನ್ನು ಹುಳುವಿನ ಮೇಲೆ ಬಿಟ್ಟು, ಕರಗಿದ್ದನ್ನು ಹೀರಿ, ಕೊನೆಗೆ ಒಂದು ಪುಟ್ಟ ಉಂಡೆ ಉಳಿಸುತ್ತದೆ. ಆ ಉಂಡೆಯನ್ನು ಮರುದಿನ ಚಿಮುಟದಿಂದ ತೆಗೆದುಬಿಡಿ, ಇಲ್ಲದಿದ್ದರೆ ಒದ್ದೆ ಡಬ್ಬಿಯಲ್ಲಿ ಬೂಷ್ಟು ಗ್ಯಾರಂಟಿ. ಬೂಷ್ಟು ತಿನ್ನುವ ಸ್ಪ್ರಿಂಗ್‌ಟೇಲ್ ಅನ್ನುವ ಪುಟಾಣಿ ಜೀವಿಗಳನ್ನು ಡಬ್ಬಿಗೆ ಬಿಡುವವರೂ ಇದ್ದಾರೆ, ಒಳ್ಳೆಯ ಉಪಾಯ.

ಒಂದು ದಿನ ಮರಿ ಇದ್ದಕ್ಕಿದ್ದಂತೆ ಊಟ ಬಿಡುತ್ತದೆ. ಹೊಟ್ಟೆ ಉಬ್ಬಿ ಮಿರಮಿರ ಹೊಳೆಯುತ್ತಿರುತ್ತದೆ, ಬಣ್ಣ ಕಪ್ಪಾಗುತ್ತಾ ಬರುತ್ತದೆ. ಕೆಲವು ಬಿಲದ ಬಾಯಿಗೆ ಮಣ್ಣು ತುಂಬಿ ಒಳಗೆ ಕೂತುಬಿಡುತ್ತವೆ. ಕಾಯಿಲೆ ಬಂತು ಅಂತ ಗಾಬರಿಯಾಗಿ ಅಗೆದು ತೆಗೆಯಬೇಡಿ. ಅದು ಪೊರೆ ಕಳಚುವ ತಯಾರಿಯಲ್ಲಿದೆ. ಮುಂಭಾಗದ ಚಿಪ್ಪು, ಕಾಲುಗಳು ಬೆಳೆಯುವಂಥವಲ್ಲ, ದೊಡ್ಡದಾಗಬೇಕಾದರೆ ಹಳೆಯದನ್ನು ಬಿಟ್ಟು ಹೊಸದರಲ್ಲಿ ಹೊರಬರಲೇಬೇಕು. ಹಳೆಯ ಕವಚದ ಅಡಿಯಲ್ಲಿ ಹೊಸದು ಮಡಿಕೆ ಮಡಿಕೆಯಾಗಿ ಆಗಲೇ ತಯಾರಾಗಿರುತ್ತದೆ. ಹೊಟ್ಟೆಯ ಕಪ್ಪು ಕೂಡ ಅದರದ್ದೇ, ಒಳಗೆ ಬೆಳೆದ ಹೊಸ ಕೂದಲು ತೆಳು ಚರ್ಮದ ಮೂಲಕ ಕಾಣುತ್ತಿರುತ್ತದೆ.

ಮೊದಲು ಅದು ನೂಲಿನ ತೆಳು ಹಾಸು ನೇಯುತ್ತದೆ. ಆಮೇಲೆ ಅದರ ಮೇಲೆ ಸಾಮಾನ್ಯವಾಗಿ ಅಂಗಾತ ಮಲಗುತ್ತದೆ. ಮೊದಲ ಸಲ ನೋಡುವವರು ಸತ್ತೇ ಹೋಯಿತು ಅಂದುಕೊಳ್ಳುವುದು ಇಲ್ಲೇ. ಸತ್ತ ಜೇಡ ಹಾಗೆ ಅಂಗಾತ, ಕಾಲು ಬಿಡಿಸಿಕೊಂಡು ಮಲಗುವುದು ಅಪರೂಪ. ಈಗ ಹೊಟ್ಟೆ ಬಿಗಿಯಾಗಿ, ದ್ರವ ಮುಂಭಾಗಕ್ಕೆ ನುಗ್ಗಿ, ಒತ್ತಡ ಏರಿ, ಚಿಪ್ಪಿನ ಅಂಚು ಸುತ್ತಲೂ ಬಿರುಕು ಬಿಟ್ಟು ಮೇಲೇಳುತ್ತದೆ. ನಂತರ ಕಾಲುಗಳು. ಸ್ವಲ್ಪ ಎಳೆಯುತ್ತದೆ, ನಿಲ್ಲಿಸುತ್ತದೆ, ಮತ್ತೆ ಎಳೆಯುತ್ತದೆ, ಎಂಟು ಕಾಲೂ ಒಟ್ಟಿಗೆ ಹಳೆಯ ಕಾಲುಗಳಿಂದ ಇಂಚಿಂಚಾಗಿ ಜಾರಿ ಹೊರಬರುತ್ತವೆ. ಹೊರಗಿನದ್ದು ಮಾತ್ರ ಅಲ್ಲ, ಗಂಟಲಿನ ಒಳಪದರ, ಶ್ವಾಸಕೋಶದ ಒಳಪದರ ಕೂಡ ಕಳಚಿಕೊಂಡು ಬರುತ್ತದೆ. ಮರಿಗೆ ಇಷ್ಟೂ ಕೆಲಸ ಒಂದು ಗಂಟೆಯೊಳಗೆ ಮುಗಿಯಬಹುದು, ದೊಡ್ಡ ಜೇಡಕ್ಕೆ ಎಷ್ಟೋ ಗಂಟೆ ಹಿಡಿಯುತ್ತದೆ. ಹೊಸ ವಿಷದ ಹಲ್ಲು ಮೊದಲು ಹಾಲಿನ ಬಿಳುಪು, ಮೆತ್ತಗೆ, ಏನನ್ನೂ ಚುಚ್ಚಲಾರದು. ಅದು ಕೆಂಪಾಗಿ, ಆಮೇಲೆ ಕಪ್ಪಾದಾಗಲೇ ಊಟಕ್ಕೆ ತಯಾರು ಅಂತ ಲೆಕ್ಕ. ಅಲ್ಲಿಯವರೆಗೆ ಡಬ್ಬಿಯಲ್ಲಿ ಬದುಕಿರುವ ಕ್ರಿಕೆಟ್ ಹುಳು ಬಿಟ್ಟಿರಬಾರದು, ಅದೇ ಮರಿಯನ್ನು ಕಚ್ಚಿ ತಿಂದುಬಿಡುತ್ತದೆ. ಹಿಂದೆ ಯಾವಾಗಲೋ ಕಾಲು ಕಳೆದುಕೊಂಡಿದ್ದರೆ ಆ ಜಾಗದಲ್ಲಿ ಸಣಕಲು ಹೊಸ ಕಾಲೊಂದು ಈ ಪೊರೆಯೊಂದಿಗೇ ಬಂದಿರುತ್ತದೆ, ಮುಂದಿನ ಒಂದೆರಡು ಪೊರೆಗೆ ಅದು ಉಳಿದವುಗಳ ಅಳತೆಗೆ ಬರುತ್ತದೆ.

ಪೊರೆ ಕಳಚುವಾಗ ಸಹಾಯ ಮಾಡಲು ಹೋಗುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಡಬ್ಬಿ ಅಲ್ಲಾಡಿಸುವುದು, ಬ್ರಷ್‌ನಿಂದ ತಿವಿಯುವುದು, ಫೋಟೋಗೆ ಅಂತ ಮುಚ್ಚಳ ತೆಗೆದಿಡುವುದು, ಇದ್ಯಾವುದೂ ಬೇಡ. ಸುಮ್ನೆ ದೂರ ಕೂತು ನೋಡಿ.

ಕೈ ಮೇಲೆ ಬಿಟ್ಟುಕೊಳ್ಳುವ ಆಸೆಯನ್ನೂ ಬಿಡಿ. ಟರಾಂಟುಲಾಗೆ ಎಂಟು ಕಣ್ಣಿದ್ದರೂ ನೋಟ ಮಂದ, ಲೋಕ ಅದಕ್ಕೆ ಗೊತ್ತಾಗುವುದು ಹೆಚ್ಚಾಗಿ ಕಂಪನದಿಂದ. ನಿಮ್ಮನ್ನು ಗುರುತಿಸುವುದು, ಹಚ್ಚಿಕೊಳ್ಳುವುದು ಎಲ್ಲ ನಮ್ಮ ಕಲ್ಪನೆ. ಅಮೆರಿಕ ಖಂಡಗಳ ಹೆಚ್ಚಿನ ಜಾತಿಗಳ ಹೊಟ್ಟೆಯ ಮೇಲೆ ಕೆರಳಿಸುವ ಕೂದಲಿರುತ್ತದೆ. ಹಿಂಗಾಲಿನಿಂದ ಕೆರೆದು ಅದನ್ನು ಗಾಳಿಗೆ ಹಾರಿಸುತ್ತವೆ. ಚರ್ಮಕ್ಕೆ ತಾಗಿದರೆ ತುರಿಕೆ. ಕಣ್ಣಿಗೆ ಹೋದರೆ ಮಾತ್ರ ಆಟ ಅಲ್ಲ, ಒಳಗೆ ನಾಟಿಕೊಂಡು ಡಾಕ್ಟರ ಹತ್ತಿರ ಓಡಬೇಕಾಗುತ್ತದೆ. ಏಷ್ಯಾ, ಆಫ್ರಿಕಾದ ಜಾತಿಗಳಿಗೆ ಈ ಕೂದಲಿಲ್ಲ. ಅದರ ಬದಲು ವೇಗ, ಮುಂಗೋಪ ಮತ್ತು ಜೋರು ವಿಷ. ಪೊಸಿಲೋಥೀರಿಯಾ ಕುಲದವು ಕಚ್ಚಿದರೆ ದಿನಗಟ್ಟಲೆ ಸ್ನಾಯು ಹಿಡಿದುಕೊಳ್ಳುವುದುಂಟು. ಹಾಗಾಗಿ ಹೊಸಬರಿಗೆ ಮೆಕ್ಸಿಕೋದ ರೆಡ್‌ನೀ, ಅಥವಾ ಮಧ್ಯ ಅಮೆರಿಕದ ಕರ್ಲಿ ಹೇರ್ ಥರದ ಶಾಂತ ಜಾತಿಗಳೇ ವಾಸಿ.

ಎಲ್ಲಿಂದ ಬಂದ ಮರಿ ಅಂತ ಕೇಳಲೇಬೇಕು. ಬಣ್ಣ ಚೆನ್ನಾಗಿದೆ ಅನ್ನುವ ಒಂದೇ ಕಾರಣಕ್ಕೆ ಕಾಡಿನಿಂದ ಹಿಡಿದು ಮಾರಿದ್ದರಿಂದ ರೆಡ್‌ನೀ ಇರುವ ಬ್ರಾಕಿಪೆಲ್ಮಾ ಕುಲ ಪೂರ್ತಿಯಾಗಿ ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಬಂತು. 2019ರಲ್ಲಿ ಪೊಸಿಲೋಥೀರಿಯಾ ಕುಲವೂ ಅದೇ ಪಟ್ಟಿಗೆ ಸೇರಿತು. ಆ ಕುಲದ ನೀಲಿ ಜೇಡ ಪೊಸಿಲೋಥೀರಿಯಾ ಮೆಟಾಲಿಕಾ ಆಂಧ್ರಪ್ರದೇಶದ ಒಂದು ಪುಟ್ಟ ಕಾಡಿನ ನಿವಾಸಿ, ಅಳಿವಿನ ಅಂಚಿನಲ್ಲಿದೆ. ಸಾಕಿದ ಜೇಡಗಳಿಗೆ ಹುಟ್ಟಿದ, ಕಾಗದಪತ್ರ ಸರಿಯಿರುವ ಮರಿ ಆಗಿರಬೇಕು. ನೀವಿರುವ ಕಡೆ ಸಾಕಲು ಕಾನೂನು ಬಿಡುತ್ತದೆಯೇ ಅನ್ನುವುದನ್ನು ಕೊಳ್ಳುವ ಮುಂಚೆಯೇ ನೋಡಿಕೊಳ್ಳಬೇಕು.

ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಗಂಡೋ ಹೆಣ್ಣೋ? ಮರಿಯಲ್ಲಿ ಬರಿಗಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ವ್ಯತ್ಯಾಸ ಮಾತ್ರ ದೊಡ್ಡದು. ರೆಡ್‌ನೀ ಹೆಣ್ಣು 20 ವರ್ಷ ದಾಟಿ ಬದುಕುತ್ತದೆ, ಗಂಡು ಪ್ರಾಯಕ್ಕೆ ಬಂದ ಮೇಲೆ ಹೆಚ್ಚು ಕಾಲ ಇರುವುದಿಲ್ಲ. ಉತ್ತರ ಇರುವುದು ಬಿಟ್ಟ ಪೊರೆಯಲ್ಲಿ. ಮರಿ ಒಂದಷ್ಟು ಬೆಳೆದ ಮೇಲೆ ಕಳಚಿದ ಪೊರೆಯನ್ನು ಸೋಪು ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಸುಕ್ಕಾದ ಹೊಟ್ಟೆಯ ಭಾಗವನ್ನು ಮೆಲ್ಲಗೆ ಬಿಡಿಸಿ, ಒಳಮೈ ಮೇಲಾಗಿರುವಂತೆ ಹರಡಿ. ಶ್ವಾಸಕೋಶದ ನಾಲ್ಕು ಬಿಳಿ ಗುರುತು ಕಾಣುತ್ತವೆ. ಮೇಲಿನ ಎರಡರ ನಡುವೆ ಭೂತಗನ್ನಡಿ ಹಿಡಿದು ನೋಡಿ. ಅಲ್ಲಿ ಬಿಡಿಯಾಗಿ ಎದ್ದು ನಿಲ್ಲುವ ಒಂದು ಪುಟ್ಟ ಪಟ್ಟಿ ಇದ್ದರೆ ಅದು ವೀರ್ಯ ಕೂಡಿಡುವ ಚೀಲದ ಒಳಪದರ, ಅಂದರೆ ಹೆಣ್ಣು. ಏನೂ ಕಾಣಲಿಲ್ಲವೆಂದರೆ ಗಂಡು ಅಂತ ಆಗಲೇ ಷರಾ ಬರೆಯಬೇಡಿ, ಪೊರೆ ಚಿಕ್ಕದಿದ್ದಾಗ ಆ ಪಟ್ಟಿ ಕಣ್ತಪ್ಪುವುದು ಸುಲಭ. ಮುಂದಿನ ಪೊರೆಯನ್ನು ಇನ್ನೊಮ್ಮೆ ನೋಡಿ.