ಹವಾಯಿಯ ಬೀಜದ ಹಾರಗಳು: ಗುಟ್ಟೆಲ್ಲ ಸಿಪ್ಪೆಯಲ್ಲಿ

ಹವಾಯಿಯಲ್ಲಿ ಹಾರಕ್ಕೆ ‘ಲೇಯಿ’ ಅನ್ನುತ್ತಾರೆ. ಹೂವಿನ ಲೇಯಿ ಎರಡು ದಿನಕ್ಕೆ ಬಾಡುತ್ತದೆ. ಬೀಜದ್ದು ಹಾಗಲ್ಲ, ಅಜ್ಜಿಯ ಹಾರವನ್ನು ಮೊಮ್ಮಗಳು ಹಾಕಿಕೊಳ್ಳಬಹುದು. ಅಷ್ಟು ಬಾಳಿಕೆ ಬರುವುದು ಗಟ್ಟಿ ಸಿಪ್ಪೆಯಿಂದ.

ಹೆಚ್ಚು ಪ್ರಸಿದ್ಧವಾದದ್ದು ಕುಕುಯಿ ಕಾಯಿಯ ಲೇಯಿ. ಈ ಮರವನ್ನು ಪೆಸಿಫಿಕ್ ಸಾಗರದ ದ್ವೀಪಗಳಾದ ಪಾಲಿನೇಷ್ಯದ ಜನ ದೋಣಿಯಲ್ಲಿ ತಂದು ನೆಟ್ಟರು. ಕಾಯಿಯ ತಿರುಳಿನಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆ. ತಿರುಳನ್ನು ತೆಂಗಿನ ಕಡ್ಡಿಗೆ ಪೋಣಿಸಿ ದೀಪದಂತೆ ಉರಿಸುತ್ತಿದ್ದರು. ಹಾರಕ್ಕೆ ಮಾತ್ರ ಇದೇ ಎಣ್ಣೆ ತೊಂದರೆ, ಒಳಗೇ ಉಳಿದರೆ ಕಮಟು ಹಿಡಿಯುತ್ತದೆ. ಹಾಗಾಗಿ ತೂತು ಕೊರೆದು ತಿರುಳು ತೆಗೆಯಬೇಕು. ಕಾಯಿಯನ್ನು ಮಣ್ಣಲ್ಲಿ ಹೂತು, ಒಳಗಿನದನ್ನು ಇರುವೆ, ಹುಳುಗಳಿಗೆ ಬಿಟ್ಟುಬಿಡುವುದೂ ಉಂಟು. ಆಮೇಲೆ ಉಬ್ಬುತಗ್ಗು ಹೋಗುವವರೆಗೆ ಉಜ್ಜಿ ಹೊಳಪು ಕೊಡಬೇಕು. ಅಂಗಡಿಗಳಲ್ಲಿ ಈಗ ಪ್ಲಾಸ್ಟಿಕ್ ಕುಕುಯಿಯೂ ಸಿಗುತ್ತದೆ. ಸುಮ್ನೆ ಹೊಳೆಯುತ್ತದೆ, ಅಷ್ಟೇ.

ನಮ್ಮ ಗಜ್ಜುಗ ಅಲ್ಲಿನ ಕರಾವಳಿಯಲ್ಲೂ ಇದೆ, ಅದರ ಬೂದು ಬೀಜವೂ ಲೇಯಿಗೆ ಬರುತ್ತದೆ. ಗಜ್ಜುಗ ಸಮುದ್ರದಲ್ಲಿ ತಿಂಗಳುಗಟ್ಟಲೆ ತೇಲಿದರೂ ಉಪ್ಪುನೀರು ಒಳಗೆ ಇಳಿಯುವುದಿಲ್ಲ. ದಡ ಸೇರಿ, ಸಿಪ್ಪೆ ಸವೆದು ನೀರು ಒಳಹೋದ ಮೇಲೇ ಮೊಳಕೆ. ಗುಲಗಂಜಿಯದೂ ಗಟ್ಟಿ ಸಿಪ್ಪೆಯೇ. ಒಳಗಿರುವ ಏಬ್ರಿನ್ ಎಂಬ ವಿಷವನ್ನು ಆ ಸಿಪ್ಪೆಯೇ ತಡೆದಿಡುತ್ತದೆ. ಮಣಿಗೆಂದು ತೂತು ಮಾಡಿದಿರೋ, ಆ ತಡೆ ಹೋಯಿತು. ಮಕ್ಕಳಿರುವ ಮನೆಗೆ ಅಂಥ ಸರ ಬೇಡವೇ ಬೇಡ.

ನನಗೆ ಎಲ್ಲಕ್ಕಿಂತ ಇಷ್ಟ ವಿಲಿವಿಲಿ. ನಮ್ಮ ಹಾಲವಾಣದ ನೆಂಟ, ಹವಾಯಿ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಮಳೆ ಕಡಿಮೆ ಇರುವ ಇಳಿಜಾರುಗಳ ಮರ. ಬೀಜ ಕೇಸರಿ, ಕೆಂಪು. 2005ರಲ್ಲಿ ಇದಕ್ಕೆ ಒಂದು ಪುಟ್ಟ ಕಣಜ ಗಂಟುಬಿತ್ತು. ಅದು ಎಳೆ ಎಲೆಯಲ್ಲಿ ಮೊಟ್ಟೆಯಿಟ್ಟರೆ ಎಲೆ, ಚಿಗುರು ಗಂಟುಗಂಟಾಗಿ ಊದಿಕೊಳ್ಳುತ್ತವೆ. ಕೆಲವೇ ತಿಂಗಳಲ್ಲಿ ಅದು ದ್ವೀಪದಿಂದ ದ್ವೀಪಕ್ಕೆ ಹಬ್ಬಿ, ಸಾವಿರಾರು ಮರಗಳು ಸೊರಗಿದವು. ದಕ್ಷಿಣ ಭಾರತದಲ್ಲಿ ಮೆಣಸಿನ ಬಳ್ಳಿಗೆ ಆಸರೆಯಾಗಿರುವ ಹಾಲವಾಣವನ್ನು ಕಾಡಿದ್ದೂ ಇದೇ ಕಣಜ. 2008ರಲ್ಲಿ ಹವಾಯಿಯ ವಿಜ್ಞಾನಿಗಳು ಆಫ್ರಿಕಾದಿಂದ ತಂದ ಇನ್ನೊಂದು ಕಣಜವನ್ನು ಬಿಟ್ಟರು. ಅದರ ಮರಿಗಳು ಗಂಟಿನೊಳಗೆ ಸೇರಿ ಮೊದಲಿನದರ ಮರಿಗಳನ್ನು ತಿನ್ನುತ್ತವೆ. ಮರಗಳು ಮತ್ತೆ ಚಿಗುರಿದವು.

ಆದರೆ ಬೀಜಕ್ಕೆ ಬೇರೆ ಕಾಟವಿದೆ. ಆಫ್ರಿಕಾ ಮೂಲದ ಒಂದು ದುಂಬಿಯ ಮರಿ ವಿಲಿವಿಲಿ ಬೀಜದೊಳಗೇ ಬೆಳೆದು, ಸಿಪ್ಪೆ ಕೊರೆದು ಹೊರಬರುತ್ತದೆ. ಅಂಥ ಬೀಜ ಮೊಳೆಯುವುದು ಕಷ್ಟ, ಲೇಯಿಗೂ ಆಗದು.